ಪೈಂತಿಯಿಂದ ಪಂಗತ್‌ವರೆಗೆ: ಕನ್ನಡಿಗರಿಗೆ ಪಂಜಾಬಿಯ ಮೊದಲ ಪಾಠ

ನವೆಂಬರ್ 1 ಅಂದ್ರೆ ನಮಗೆಲ್ಲ ರಾಜ್ಯೋತ್ಸವ. ಅದೇ ದಿನ ಇನ್ನೊಂದು ಭಾಷೆಯವರಿಗೂ ರಾಜ್ಯ ಸಿಕ್ಕ ದಿನ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದು ರಾಜ್ಯವಾದವು. ಸರಿಯಾಗಿ ಹತ್ತು ವರ್ಷಕ್ಕೆ, 1966ರ ನವೆಂಬರ್ 1ರಂದು, ಹಳೆಯ ಪಂಜಾಬನ್ನು ಭಾಷೆಯ ಆಧಾರದ ಮೇಲೆ ವಿಂಗಡಿಸಿ ಇಂದಿನ ಪಂಜಾಬ್ ಮತ್ತು ಹರಿಯಾಣ ಮಾಡಿದರು. ಅದರ ಹಿಂದೆ ವರ್ಷಗಟ್ಟಲೆ ನಡೆದ 'ಪಂಜಾಬಿ ಸೂಬಾ' ಚಳವಳಿ ಇತ್ತು. ಆ ಕಾಲದ ಜನಗಣತಿಯಲ್ಲಿ ಮನೆಯಲ್ಲಿ ಪಂಜಾಬಿಯನ್ನೇ ಮಾತಾಡುತ್ತಿದ್ದ ಅನೇಕರು ಮಾತೃಭಾಷೆಯ ಕಾಲಂನಲ್ಲಿ ಹಿಂದಿ ಅಂತ ಬರೆಸಿದ್ದರು. ಭಾಷೆ ಒಂದು, ಬರೆಸಿದ್ದು ಇನ್ನೊಂದು. ಕಾರಣ ಧರ್ಮ, ರಾಜಕೀಯ ಎರಡೂ.

ಕನ್ನಡ ಸಂಘದ ಪತ್ರಿಕೆಯಲ್ಲಿ ಪಂಜಾಬಿ ಪಾಠ ಯಾಕೆ ಅಂತ ಕೇಳುವವರಿಗೆ ಇದೊಂದು ಉತ್ತರ. ಇನ್ನೊಂದು ಉತ್ತರ ನಮ್ಮ ಹಾಸ್ಟೆಲಿನಲ್ಲೇ ಇದೆ. ಪ್ರತಿ ವರ್ಷ ಹೊರರಾಜ್ಯದ ಗೆಳೆಯರಿಗೆ ಕನ್ನಡ ಕಲಿಸುತ್ತೇವೆ. "ಇಷ್ಟು ಸುಲಭದ್ದು ಯಾಕೆ ಬರಲ್ಲ ಇವರಿಗೆ?" ಅನ್ನೋ ಮಾತು ನಮ್ಮ ಮಧ್ಯೆ ಆಗಾಗ ಬರುತ್ತದೆ. ಹಾಗಾಗಿ ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದಾರು ಜನ ಸೇರಿ ಕಲಿಯುವವರ ಬೆಂಚಿನಲ್ಲಿ ಕೂತು ನೋಡೋಣ ಅಂದುಕೊಂಡೆವು. ಇಪ್ಪತ್ತು ದಾಟಿದ ಮೇಲೆ ಹೊಸ ಲಿಪಿ, ಹೊಸ ಉಚ್ಚಾರ, ಹೊಸ ವ್ಯಾಕರಣ ತಲೆಗೆ ಹೇಗೆ ಇಳಿಯುತ್ತೆ? ಪಂಜಾಬಿಯನ್ನೇ ಆರಿಸಿದ್ದಕ್ಕೆ ಕಾರಣ ನಮ್ಮ ವಿಂಗ್‌ನ ಗೆಳೆಯನೊಬ್ಬ. ಅವನ ವಿಷಯ ಮುಂದೆ ಹೇಳ್ತೀವಿ. ಮೊದಲು ಪಾಠ.

ಪಾಠ 1: ಮೂವತ್ತೈದು ಅಕ್ಷರ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 3.3 ಕೋಟಿ ಜನರ ಮಾತೃಭಾಷೆ ಪಂಜಾಬಿ. ಪಾಕಿಸ್ತಾನದಲ್ಲಿ ಅದಕ್ಕಿಂತ ಹೆಚ್ಚು ಜನ ಮಾತಾಡುತ್ತಾರೆ. ಅಲ್ಲಿ ಅದನ್ನು ಪರ್ಶಿಯನ್ ಮೂಲದ ಶಾಹಮುಖಿ ಲಿಪಿಯಲ್ಲಿ ಬರೆದರೆ, ಇಲ್ಲಿ ಗುರುಮುಖಿಯಲ್ಲಿ. ಒಂದೇ ಭಾಷೆಯ ಇಬ್ಬರು ಮಾತಾಡಿದರೆ ಅರ್ಥವಾಗುತ್ತದೆ, ಚೀಟಿ ಬರೆದು ಕೊಟ್ಟರೆ ಓದೋಕೆ ಆಗಲ್ಲ!

ಗುರುಮುಖಿಯ ವರ್ಣಮಾಲೆಗೆ 'ಪೈಂತಿ' ಅಂತ ಹೆಸರು. ಪೈಂತಿ ಅಂದ್ರೆ ಮೂವತ್ತೈದು. ಐದೈದರ ಏಳು ಸಾಲು. ಮೊದಲ ಸಾಲಿನಲ್ಲಿ ಊಡಾ, ಐಡಾ, ಈಡೀ ಅನ್ನೋ ಮೂರು ಸ್ವರವಾಹಕಗಳು, ಆಮೇಲೆ ಸ, ಹ. ಎರಡರಿಂದ ಆರನೇ ಸಾಲಿನವರೆಗೆ ನಮ್ಮ ಕ-ವರ್ಗ, ಚ-ವರ್ಗ, ಟ-ವರ್ಗ, ತ-ವರ್ಗ, ಪ-ವರ್ಗ, ಅದೇ ಕ್ರಮದಲ್ಲಿ. ಕೊನೆಯ ಸಾಲು ಯ, ರ, ಲ, ವ ಮತ್ತು 'ಡ'ಗೂ 'ರ'ಗೂ ನಡುವಿನ ಒಂದು ಅಕ್ಷರ. ಅಂದರೆ ಒಂದನೇ ಕ್ಲಾಸಿನಲ್ಲಿ ಕನ್ನಡ ಕಾಗುಣಿತ ಕಲಿತವರಿಗೆ ಇಪ್ಪತ್ತೈದು ಅಕ್ಷರಗಳ ಕ್ರಮ ಆಗಲೇ ಬಾಯಿಪಾಠ. ಫಾರ್ಸಿ, ಅರಬ್ಬಿ ಪದಗಳಿಗೆ ಬೇಕಾದ ದನಿಗಳಿಗೂ 'ಳ'ಗೂ ಅಕ್ಷರದ ಕೆಳಗೆ ಚುಕ್ಕೆ ಇಟ್ಟು ಮಾಡಿದ ಆರು ಅಕ್ಷರಗಳು ಆಮೇಲೆ ಸೇರಿದವು.

ಸ್ವರಚಿಹ್ನೆಗಳು ಒಂಬತ್ತು. ನಮ್ಮ ಇಳಿ, ಕೊಂಬು ಇದ್ದ ಹಾಗೆ ಅವಕ್ಕೂ ಹೆಸರಿವೆ: ಕನ್ನಾ, ಸಿಹಾರಿ, ಬಿಹಾರಿ, ಔಂಕಡ್, ದುಲೈಂಕಡ್, ಲಾಂ, ದುಲಾಂ, ಹೋಡಾ, ಕನೌಡಾ. ಇದರಲ್ಲಿ ಸಿಹಾರಿ, ಅಂದರೆ ಹ್ರಸ್ವ 'ಇ' ಚಿಹ್ನೆ, ಅಕ್ಷರದ ಎಡಗಡೆ ಕೂರುತ್ತದೆ. ಕಣ್ಣಿಗೆ ಮೊದಲು, ಬಾಯಿಗೆ ಆಮೇಲೆ. ನಮ್ಮಲ್ಲಿರುವ ಹ್ರಸ್ವ 'ಎ', ಹ್ರಸ್ವ 'ಒ' ಅಲ್ಲಿಲ್ಲ.

ಒತ್ತಕ್ಷರ ಹೇಗೆ? ಇಲ್ಲೇ ಗುರುಮುಖಿಯ ಜಾಣತನ ಇರೋದು. ದ್ವಿತ್ವಕ್ಕೆ ಕೆಳಗೆ ಇನ್ನೊಂದು ಅಕ್ಷರ ಬರೆಯಲ್ಲ. 'ಅದ್ಧಕ್' ಅನ್ನೋ ಪುಟ್ಟ ಬಟ್ಟಲಿನಂಥ ಚಿಹ್ನೆಯನ್ನು ಮೇಲೆ, ದ್ವಿತ್ವ ಬರುವ ಅಕ್ಷರಕ್ಕಿಂತ ಮುಂಚೆ ಇಡುತ್ತಾರೆ. 'ಪಕ್ಕಾ' ಬರೀಬೇಕಾದರೆ ಪ, ಅದ್ಧಕ್, ಕಾ. ಮುಂದಿನದ್ದನ್ನು ಒತ್ತಿ ಹೇಳು ಅಂತ ಮುಂಚೆಯೇ ಕೊಡುವ ಸೂಚನೆ. ಅನುನಾಸಿಕಕ್ಕೆ ಎರಡು ಚಿಹ್ನೆ, ಟಿಪ್ಪಿ ಮತ್ತು ಬಿಂದಿ. ಬರೀ ವ್ಯಂಜನಕ್ಕೂ ಇ, ಉ, ಊ ಚಿಹ್ನೆ ಇರುವ ವ್ಯಂಜನಕ್ಕೂ ಟಿಪ್ಪಿ. ಉಳಿದ ಚಿಹ್ನೆಗಳಿಗೆ ಬಿಂದಿ. ಒತ್ತಾಗಿ ಕೆಳಗೆ ಬರೋದು ಸಾಮಾನ್ಯವಾಗಿ ಹ, ರ, ವ ಈ ಮೂರೇ.

ಹಿಂದಿ ಓದಲು ಬರುವವರಿಗೆ ಒಂದು ಎಚ್ಚರಿಕೆ. ಗುರುಮುಖಿಯ 'ಸ' ಥೇಟ್ ದೇವನಾಗರಿಯ 'ಮ' ಥರ ಕಾಣುತ್ತದೆ. ತಲೆಗೆರೆ ಮುಚ್ಚಿದ್ದರೆ ಸ, ತೆರೆದಿದ್ದರೆ ಮ. ಈ ಒಂದು ಜೋಡಿಯನ್ನು ಮೊದಲ ದಿನವೇ ಬೇರೆ ಮಾಡಿಕೊಳ್ಳಿ.

ಈ ಲಿಪಿಯನ್ನು 16ನೇ ಶತಮಾನದಲ್ಲಿ ಒಪ್ಪಗೊಳಿಸಿ ಬಳಕೆಗೆ ತಂದವರು ಎರಡನೇ ಗುರು ಅಂಗದ್ ದೇವ್. ಆಗ ವ್ಯಾಪಾರಿಗಳು ಲೆಕ್ಕ ಬರೆಯಲು ಬಳಸುತ್ತಿದ್ದ ಲಂಡಾ ಲಿಪಿಗಳಲ್ಲಿ ಸ್ವರಚಿಹ್ನೆಗಳು ಸರಿಯಾಗಿ ಇರುತ್ತಿರಲಿಲ್ಲ. ಲೆಕ್ಕದ ಪುಸ್ತಕಕ್ಕೆ ಅದು ಸಾಕು, ಹಾಡಿಗೆ ಸಾಲದು. ಒಂದು ಸ್ವರ ಆಚೀಚೆ ಆದರೆ ಪದದ ಅರ್ಥವೇ ಬೇರೆ ಆಗುತ್ತಲ್ಲ. ಗುರು ನಾನಕರು ಇದೇ ಮೂವತ್ತೈದು ಅಕ್ಷರಗಳ ಮೇಲೆ 'ಪಟ್ಟಿ' ಅನ್ನೋ ರಚನೆ ಮಾಡಿದ್ದಾರೆ. ಪಟ್ಟಿ ಅಂದ್ರೆ ಮಕ್ಕಳು ಅಕ್ಷರ ತಿದ್ದುವ ಹಲಗೆ.

ಪಾಠ 2: 640ರ ಗುಟ್ಟು

ಈ ಭಾಗ ಕಂಪ್ಯೂಟರ್ ಸೈನ್ಸ್‌ನವರಿಗೆ ಖುಷಿ ಕೊಡುತ್ತೆ. ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳನ್ನು ಹಳೆಯ 'ಇಸ್ಕಿ' ಸಂಕೇತ ವ್ಯವಸ್ಥೆಯ ಕ್ರಮದಲ್ಲೇ ಜೋಡಿಸಿದ್ದಾರೆ. ಹಾಗಾಗಿ ಪ್ರತಿ ಲಿಪಿಯ ಬ್ಲಾಕ್‌ನಲ್ಲೂ ಅದೇ ಅಕ್ಷರ ಅದೇ ಜಾಗದಲ್ಲಿ ಇರುತ್ತದೆ. ಗುರುಮುಖಿಯ 'ಕ' ಸಂಖ್ಯೆ 2581, ಕನ್ನಡದ 'ಕ' 3221. ವ್ಯತ್ಯಾಸ 640. 'ಮ' ತೆಗೆದುಕೊಂಡರೂ 640, 'ಆ' ಚಿಹ್ನೆ ತೆಗೆದುಕೊಂಡರೂ 640. ಅಂದರೆ ಗುರುಮುಖಿ ಪಠ್ಯದ ಪ್ರತಿ ಅಕ್ಷರಕ್ಕೂ 640 ಕೂಡಿಸಿದರೆ ಕನ್ನಡ ಲಿಪಿ ಸಿಗುತ್ತದೆ. ಹತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಸಾಕು.

ಎಲ್ಲಿ ಕೈ ಕೊಡುತ್ತೆ? ಅದ್ಧಕ್ ಮತ್ತು ಟಿಪ್ಪಿಯ ಹತ್ತಿರ. ಇವೆರಡಕ್ಕೆ ಕನ್ನಡದಲ್ಲಿ ಸಮಾನ ಜಾಗ ಇಲ್ಲ. ಟಿಪ್ಪಿಯನ್ನು ಅನುಸ್ವಾರ ಮಾಡಿ. ಅದ್ಧಕ್ ಸಿಕ್ಕಾಗ ಮುಂದಿನ ವ್ಯಂಜನವನ್ನು ದ್ವಿತ್ವ ಮಾಡಿ. ಅದು ಮಹಾಪ್ರಾಣವಾದರೆ ಮೊದಲ ಭಾಗವನ್ನು ಅಲ್ಪಪ್ರಾಣ ಮಾಡಿ. 'ಹತ್ಥ್' ಸರಿ, 'ಹಥ್ಥ್' ಅಲ್ಲ. ಪದದ ಕೊನೆಯ 'ಅ'ಕಾರವನ್ನು ಅವರು ಉಚ್ಚರಿಸಲ್ಲ ಅನ್ನೋದನ್ನೂ ನೆನಪಿಡಿ.

ಈಗ ಆ ಗೆಳೆಯನ ವಿಷಯ. ಅವನು ಹುಟ್ಟಿ ಬೆಳೆದದ್ದು ಪಂಜಾಬಿನ ಹೊರಗೆ. ಮನೆಯಲ್ಲಿ ಪಂಜಾಬಿಯನ್ನು ನಿರರ್ಗಳವಾಗಿ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ. ಅವನ ಅಜ್ಜಿ, ಅವನು ಕರೆಯೋದು 'ಬೀಜೀ' ಅಂತ, ವಾಟ್ಸಾಪ್‌ನಲ್ಲಿ ಗುರುಮುಖಿಯಲ್ಲೇ ಬರೆಯುತ್ತಾರೆ. ಅವನು ಅದನ್ನು ಅಮ್ಮನಿಗೆ ಫಾರ್ವರ್ಡ್ ಮಾಡಿ, ಅಮ್ಮ ಓದಿ ಹೇಳಿದ ಮೇಲೆ ಉತ್ತರ ಕೊಡುತ್ತಿದ್ದ. ನಾವು ಪೈಂತಿ ಶುರು ಮಾಡಿದಾಗ ಅವನೂ ನಮ್ಮ ಜೊತೆ ಕೂತ. ನಮಗೆ ಉಚ್ಚಾರ ಅವನು ಹೇಳಿಕೊಟ್ಟ, ಅಕ್ಷರವನ್ನು ಎಲ್ಲರೂ ಒಟ್ಟಿಗೆ ತಿದ್ದಿದೆವು. ಮೂರನೇ ವಾರದ ಕೊನೆಗೆ ಅವನು ಬೀಜೀಗೆ ಮೊದಲ ಸಲ ಗುರುಮುಖಿಯಲ್ಲಿ ಎರಡು ಸಾಲು ಕಳಿಸಿದ. ಅವರ ಉತ್ತರದಲ್ಲಿ ಮೊದಲು ಇದ್ದದ್ದು "ಇಲ್ಲಿ ಬಿಂದಿ ಅಲ್ಲ, ಟಿಪ್ಪಿ" ಅನ್ನೋ ತಿದ್ದುಪಡಿ. ಆಶೀರ್ವಾದ ಆಮೇಲೆ!

ನಗು ಬರುತ್ತೆ, ನಿಜ. ಆದರೆ ಬೆಂಗಳೂರಿನಲ್ಲಿ ಬೆಳೆದ ನಮ್ಮಲ್ಲೇ ಎಷ್ಟು ಜನ ಅಜ್ಜ ಬರೆದ ಪತ್ರವನ್ನು ಎಡವದೆ ಓದ್ತೀವಿ ಹೇಳಿ? ಮಾತು ಮನೆಯಿಂದ ಬರುತ್ತೆ, ಲಿಪಿ ತಾನಾಗಿ ಬರಲ್ಲ. ಯಾರೋ ಕೂರಿಸಿ ಕಲಿಸಬೇಕು. ಒಂದು ತಲೆಮಾರು ಕಲಿಸದೆ ಬಿಟ್ಟರೆ ಅಜ್ಜಿ ಮೊಮ್ಮಗನ ನಡುವೆ ಒಬ್ಬ ಅನುವಾದಕ ಬೇಕಾಗುತ್ತಾನೆ.

ಪಾಠ 3: ಮಹಾಪ್ರಾಣ ಹೋಯಿತು, ರಾಗ ಉಳಿಯಿತು

ಭಾರತದ ದೊಡ್ಡ ಭಾಷೆಗಳಲ್ಲಿ ಪಂಜಾಬಿಗೆ ಒಂದು ವಿಶೇಷ ಇದೆ. ಅದು ಚೀನೀ ಭಾಷೆಯ ಹಾಗೆ ಟೋನ್ ಇರುವ ಭಾಷೆ. ಅಂದರೆ ದನಿಯ ಏರಿಳಿತ ಬದಲಾದರೆ ಪದವೇ ಬದಲಾಗುತ್ತೆ.

ಹೇಗೆ ಬಂತು ಇದು? ನಾವು ಆಡುಮಾತಿನಲ್ಲಿ 'ಕಥೆ'ಯನ್ನು 'ಕತೆ' ಅಂತೀವಿ, 'ಭಾರ'ವನ್ನು 'ಬಾರ' ಅಂತೀವಿ. ಮಹಾಪ್ರಾಣ ಬಿಟ್ಟರೆ ನಮ್ಮಲ್ಲಿ ಏನೂ ಉಳಿಯಲ್ಲ. ಪಂಜಾಬಿಯಲ್ಲಿ ಘ, ಝ, ಢ, ಧ, ಭ ಈ ಐದರ ಮಹಾಪ್ರಾಣ ಹೋಯಿತು, ಹೋಗುವಾಗ ಪಕ್ಕದ ಸ್ವರದ ಮೇಲೆ ತನ್ನ ಗುರುತು ಬಿಟ್ಟು ಹೋಯಿತು. ಬರವಣಿಗೆಯಲ್ಲಿ ಮಾತ್ರ ಹಳೆಯ ಅಕ್ಷರ ಹಾಗೇ ಇದೆ.

ನಿಯಮ ಎರಡೇ. ಒಂದು: ಪದದ ಮೊದಲಲ್ಲಿ ಈ ಐದು ಬಂದರೆ ಅವು ಕ, ಚ, ಟ, ತ, ಪ ಆಗುತ್ತವೆ, ಜೊತೆಗೆ ದನಿ ಕೆಳಕ್ಕೆ ಇಳಿದು ಏರುತ್ತದೆ. 'ಘರ್' ಅಂತ ಬರೆದದ್ದನ್ನು ಇಳಿದನಿಯ 'ಕರ್' ಅಂತ ಹೇಳುತ್ತಾರೆ. 'ಭಾ ಜೀ' (ಅಣ್ಣ) ಅನ್ನೋದು 'ಪಾಜೀ' ಆಗಿದ್ದು ಹೀಗೇ. ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತಿರುವ ಪದ! ಹೆದ್ದಾರಿಯ 'ಢಾಬಾ' ಕೂಡ ಅವರ ಬಾಯಲ್ಲಿ ಇಳಿದನಿಯ 'ಟಾಬಾ'. ಎರಡು: ಪದದ ಕೊನೆಯಲ್ಲಿ ಬಂದರೆ ಅವು ಗ, ಜ, ಡ, ದ, ಬ ಆಗುತ್ತವೆ, ಹಿಂದಿನ ಸ್ವರ ಮೇಲಕ್ಕೆ ಏರುತ್ತದೆ. 'ಸಿಂಘ್' ಅಂತ ಬರೆದು ಏರುದನಿಯಲ್ಲಿ 'ಸಿಂಗ್' ಅನ್ನೋದು ಇದಕ್ಕೆ. ಪದದ ಕೊನೆಯ 'ಹ'ಕಾರವೂ ಹೀಗೇ ಮಾಯವಾಗಿ ಏರುದನಿ ಆಗುತ್ತದೆ. ಏರುದನಿಯ 'ಚಾ' ಅಂದರೆ ಚಹಾ, ಸಮದನಿಯ 'ಚಾ' ಅಂದರೆ ಉತ್ಸಾಹ.

ಪಾಠಪುಸ್ತಕಗಳಲ್ಲಿ ಕೊಡುವ ಪ್ರಸಿದ್ಧ ಉದಾಹರಣೆ 'ಕೋಡಾ' ಅನ್ನೋ ಪದ. ಇಳಿದನಿಯಲ್ಲಿ ಹೇಳಿದರೆ ಕುದುರೆ, ಸಮದನಿಯಲ್ಲಿ ಚಾವಟಿ, ಏರುದನಿಯಲ್ಲಿ ಕುಷ್ಠರೋಗಿ. ಒಂದೇ ಪದ ಅಂತ ನಮ್ಮ ಕಿವಿಗೆ ಕೇಳುತ್ತೆ. ಅವರ ಕಿವಿಗೆ ಮೂರು.

ದೊಡ್ಡವರಾದ ಮೇಲೆ ಕಲಿಯುವವರಿಗೆ ಇದೇ ನಿಜವಾದ ಕಷ್ಟ. ಚಿಕ್ಕ ಮಗುವಿನ ಕಿವಿ ಸುತ್ತಲಿನ ಭಾಷೆಗೆ ಬೇಕಾದ ವ್ಯತ್ಯಾಸಗಳನ್ನು ಹಿಡಿದಿಟ್ಟುಕೊಂಡು ಬೇಡದ್ದನ್ನು ಕಡೆಗಣಿಸಲು ಕಲಿತುಬಿಡುತ್ತದೆ. ನಮ್ಮ ಕಿವಿ ದನಿಯ ಏರಿಳಿತವನ್ನು ಭಾವ ಅಂತ ಓದುತ್ತದೆ, ಪದ ಅಂತಲ್ಲ. ಕಿವಿಯನ್ನು ಮತ್ತೆ ಪಳಗಿಸಬಹುದು, ಅದಕ್ಕೆ ಅಭ್ಯಾಸ ಬೇಕು. ಇಲ್ಲಿ ನಮಗೆ ನೆರವಾದದ್ದು ನಮ್ಮ ಎಂಜಿನಿಯರಿಂಗೇ. 'ಪ್ರಾಟ್' ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ಗೆಳೆಯನ ದನಿಯಲ್ಲಿ ಮೂರು 'ಕೋಡಾ'ಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ತೆರೆದರೆ ಪಿಚ್ ಗೆರೆ ತೆರೆಯ ಮೇಲೆ ಬರುತ್ತದೆ. ನಮ್ಮ ದನಿಯನ್ನೂ ರೆಕಾರ್ಡ್ ಮಾಡಿ ಎರಡು ಗೆರೆ ಪಕ್ಕಪಕ್ಕ ಇಟ್ಟು ನೋಡಿದೆವು. ಸಿಗ್ನಲ್ಸ್ ಕ್ಲಾಸಿನಲ್ಲಿ ಫಂಡಮೆಂಟಲ್ ಫ್ರೀಕ್ವೆನ್ಸಿ ಅಂತ ಓದಿದ್ದು ಇಲ್ಲಿ ಕುದುರೆಯನ್ನೂ ಚಾವಟಿಯನ್ನೂ ಬೇರೆ ಮಾಡಿತು! ಕಿವಿ ಹಿಡಿಯದ್ದನ್ನು ಮೊದಲು ಕಣ್ಣು ಹಿಡಿಯಿತು, ಆಮೇಲೆ ಕಿವಿಯೂ ದಾರಿಗೆ ಬಂತು.

ಪಾಠ 4: ಕನ್ನಡಿಗರಿಗೆ ಸಿಕ್ಕ ಮೂರು ವರ

ಕಷ್ಟ ಹೇಳಿದ ಮೇಲೆ ಸುಲಭವನ್ನೂ ಹೇಳಬೇಕಲ್ಲ.

ಒಂದನೇ ವರ ಣ ಮತ್ತು ಳ. ಹಿಂದಿಯ 'ಪಾನೀ' ಪಂಜಾಬಿಯಲ್ಲಿ 'ಪಾಣೀ'. ಹಿಂದಿಯ 'ಕಾಲಾ' ಪಂಜಾಬಿಯಲ್ಲಿ 'ಕಾಳಾ'. 'ಜೊತೆಗೆ' ಅನ್ನೋದಕ್ಕೆ 'ನಾಳ್'. ಬರವಣಿಗೆಯಲ್ಲಿ ಎಷ್ಟೋ ಸಲ 'ಳ'ದ ಚುಕ್ಕೆ ಹಾಕಲ್ಲ, ಬಾಯಲ್ಲಿ ಮಾತ್ರ 'ಳ'ವೇ ಬರುತ್ತೆ. ಹಿಂದಿ ನಾಡಿನ ಗೆಳೆಯರು ತಡಕಾಡುವ ಈ ದನಿಗಳು ನಮಗೆ ನೀರು ಕುಡಿದಷ್ಟು ಸಲೀಸು.

ಎರಡನೇ ವರ ದ್ವಿತ್ವ. ಸಂಸ್ಕೃತದ 'ಕರ್ಮ' ಪ್ರಾಕೃತದಲ್ಲಿ 'ಕಮ್ಮ' ಆಯಿತು. ಹಿಂದಿ ಅದನ್ನು 'ಕಾಮ್' ಅಂತ ಎಳೆಯಿತು, ಪಂಜಾಬಿ 'ಕಮ್ಮ್' ಅಂತ ಹಾಗೇ ಇಟ್ಟುಕೊಂಡಿತು. ನಮ್ಮ 'ಕಮ್ಮಾರ' ಕೂಡ ಅದೇ ಪ್ರಾಕೃತದ ದಾರಿಯಲ್ಲಿ ಬಂದ ಪದ. ಹಿಂದಿಯ ಸಾತ್, ಆಠ್, ಹಾಥ್ ಪಂಜಾಬಿಯಲ್ಲಿ ಸತ್ತ್, ಅಟ್ಠ್, ಹತ್ಥ್. ಅಕ್ಕ, ಅಪ್ಪ, ಹತ್ತು, ಕಬ್ಬು ಅನ್ನುವವರಿಗೆ ಇದು ಹೊಸದಲ್ಲ.

ಮೂರನೇ ವರ ವಾಕ್ಯದ ಕಟ್ಟು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಮ್ಮ ಹಾಗೇ. ಅದಕ್ಕಿಂತ ಚೆಂದದ ಹೋಲಿಕೆ ಇದು ನೋಡಿ:

ಮೈನೂಂ ಪಂಜಾಬೀ ಆಉಂದೀ ಹೈ. ನನಗೆ ಪಂಜಾಬಿ ಬರುತ್ತದೆ.
ಮೈನೂಂ ಭುಕ್ಖ್ ಲಗ್ಗೀ ಹೈ. ನನಗೆ ಹಸಿವಾಗಿದೆ.
ಮೈನೂಂ ನಹೀಂ ಪತಾ. ನನಗೆ ಗೊತ್ತಿಲ್ಲ.

'ನೂಂ' ಅಂದರೆ ನಮ್ಮ 'ಗೆ'. ಇಂಗ್ಲಿಷಿನಲ್ಲಿ ಭಾಷೆಯನ್ನು 'ನಾನು' ಬಲ್ಲೆ. ಕನ್ನಡದಲ್ಲೂ ಪಂಜಾಬಿಯಲ್ಲೂ ಭಾಷೆ 'ನನಗೆ' ಬರುತ್ತದೆ. ಭಾಷೆ ತಾನೇ ನಡೆದು ನಮ್ಮ ಹತ್ತಿರ ಬರಬೇಕು, ನಾವು ಕರೆಯುತ್ತಾ ಇರಬೇಕು, ಅಷ್ಟೇ. ಹಾಗೆಯೇ ನೀನು, ನೀವು ಇದ್ದ ಹಾಗೆ 'ತೂಂ' ಮತ್ತು 'ತುಸೀಂ' ಇವೆ. ದೊಡ್ಡವರಿಗೆ, ಹೊಸಬರಿಗೆ 'ತುಸೀಂ', ಮಾತಿನ ಕೊನೆಗೆ 'ಜೀ'.

ಒಂದು ತೊಡಕು ಮಾತ್ರ ಇದೆ, ಲಿಂಗ. ನಮಗೆ ಕುರ್ಚಿ, ನೀರು, ಪುಸ್ತಕ ಎಲ್ಲ 'ಅದು'. ಪಂಜಾಬಿಯಲ್ಲಿ ಪಾಣೀ ಗಂಡು, ರೋಟೀ ಹೆಣ್ಣು, ಕಿತಾಬ್ ಹೆಣ್ಣು, ಕಮ್ರಾ ಗಂಡು. ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ: ಚಂಗಾ ಮುಂಡಾ (ಒಳ್ಳೇ ಹುಡುಗ), ಚಂಗೇ ಮುಂಡೇ (ಹುಡುಗರು), ಚಂಗೀ ಕುಡೀ (ಹುಡುಗಿ), ಚಂಗೀಆಂ ಕುಡೀಆಂ (ಹುಡುಗಿಯರು). ಪದ ಕಲಿಯುವಾಗಲೇ 'ಚಂಗಾ' ಅಥವಾ 'ಚಂಗೀ' ಸೇರಿಸಿ ಕಲಿಯಿರಿ. ಆಮೇಲೆ ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವ ಕೆಲಸ ಇರಲ್ಲ.

ಮೊದಲ ವಾರಕ್ಕೆ ಇಷ್ಟು ಸಾಕು:
ಸತ್ ಸ್ರೀ ಅಕಾಲ್ ಜೀ: ನಮಸ್ಕಾರ.
ಕೀ ಹಾಲ್ ಹೈ?: ಹೇಗಿದ್ದೀರಿ?
ತುಸೀಂ ಕಿತ್ಥೋಂ ದೇ ಹೋ?: ನಿಮ್ಮದು ಯಾವೂರು?
ಹೌಲೀ ಬೋಲೋ ಜೀ: ಸ್ವಲ್ಪ ನಿಧಾನ ಮಾತಾಡಿ.
ಇಹದಾ ಕೀ ಮತಲಬ್ ಹೈ?: ಇದರ ಅರ್ಥ ಏನು?
ಬಸ್ ಜೀ: ಸಾಕು.

ಕೊನೆಯ ಪದ ಮುಂದಿನ ಪಾಠಕ್ಕೆ ಖಂಡಿತ ಬೇಕಾಗುತ್ತೆ.

ಪಾಠ 5: ಪಂಗತ್‌ನಲ್ಲಿ ಕೂತು

ಪಂಜಾಬಿ ಕಲಿಯುವವರಿಗೆ ಗುರುದ್ವಾರಕ್ಕಿಂತ ಒಳ್ಳೆಯ ಲ್ಯಾಬ್ ಇಲ್ಲ. ಬೆಂಗಳೂರಿನವರಿಗೆ ಹಲಸೂರು ಕೆರೆಯ ದಂಡೆಯ ಗುರುದ್ವಾರ ಇದೆ. ಯಾರು ಬೇಕಾದರೂ ಹೋಗಬಹುದು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಗಂಡು ಹೆಣ್ಣು ಎಲ್ಲರಿಗೂ ಇದೇ ನಿಯಮ. ಸಿಗರೇಟು, ತಂಬಾಕು ಹತ್ತಿರವೂ ಇರಬಾರದು. ಒಳಗೆ ಎತ್ತರದ ಪೀಠದ ಮೇಲೆ, ಮೇಲ್ಕಟ್ಟಿನ ಕೆಳಗೆ ಗುರು ಗ್ರಂಥ ಸಾಹಿಬ್ ಇರುತ್ತದೆ. ಕಡಾ ಪ್ರಸಾದವನ್ನು ಕೂತು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು.

ಸಿಖ್ಖರಿಗೆ ಗುರು ಗ್ರಂಥ ಸಾಹಿಬ್ ಪುಸ್ತಕ ಅಲ್ಲ, ಬದುಕಿರುವ ಗುರು. ಬೆಳಗ್ಗೆ ತೆರೆಯುವುದಕ್ಕೆ 'ಪ್ರಕಾಶ್', ರಾತ್ರಿ ವಿಶ್ರಾಂತಿಗೆ ಒಯ್ಯುವುದಕ್ಕೆ 'ಸುಖಾಸನ್' ಅಂತಾರೆ. ದಿನವೂ ತೆರೆದಾಗ ಸಿಕ್ಕ ಪುಟದ ಶಬದ್ ಆ ದಿನದ 'ಹುಕಮ್', ಅಂದರೆ ಅಪ್ಪಣೆ. ಇದನ್ನು ತಿಳಿದುಕೊಂಡು ಹೋದರೆ ಅಲ್ಲಿ ಹೇಗೆ ಕೂರಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ.

ಆಮೇಲೆ ಲಂಗರ್. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣುವುದಕ್ಕೆ 'ಪಂಗತ್' ಅಂತ ಹೆಸರು, ನಮ್ಮ 'ಪಂಕ್ತಿ'ಯೇ. ಮೂರನೇ ಗುರು ಅಮರದಾಸರ ಕಾಲದಲ್ಲಿ ಅವರ ದರ್ಶನಕ್ಕೆ ಬಂದವರು ಮೊದಲು ಪಂಗತ್‌ನಲ್ಲಿ ಕೂತು ಉಣ್ಣಬೇಕಿತ್ತು ಅನ್ನುತ್ತದೆ ಪರಂಪರೆ. ಎರಡನೇ ಗುರುವಿನ ಪತ್ನಿ ಮಾತಾ ಖೀವಿ ಲಂಗರ್ ನಡೆಸಿದ್ದಕ್ಕೆ ಗ್ರಂಥದಲ್ಲೇ ಅವರ ಹೆಸರಿದೆ. ಅಮೃತಸರದ ಹರಿಮಂದಿರ ಸಾಹಿಬ್‌ನಲ್ಲಿ ಇವತ್ತಿಗೂ ದಿನಕ್ಕೆ ಹತ್ತಾರು ಸಾವಿರ ಜನ ಹೀಗೆ ಉಣ್ಣುತ್ತಾರೆ.

ಲಂಗರ್‌ನಲ್ಲಿ ರೊಟ್ಟಿಗೆ 'ಪರ್ಶಾದಾ' ಅಂತಾರೆ. ಬಡಿಸುವವರು "ಪರ್ಶಾದಾ ಜೀ, ದಾಲಾ ಜೀ" ಅನ್ನುತ್ತಾ ಬರುತ್ತಾರೆ. ಎರಡೂ ಕೈ ಒಡ್ಡಿ ತೆಗೆದುಕೊಳ್ಳಿ. ಊಟವಾದ ಮೇಲೆ ಪಾತ್ರೆ ತೊಳೆಯೋಕೆ ನಿಂತರೆ ಪಂಜಾಬಿ ಕಲಿಕೆ ಇನ್ನೂ ಜೋರು. ಕೊಡು, ತಾ, ಹಿಡಿ, ನಿಧಾನ, ಆಯ್ತಾ ಅನ್ನೋ ಕ್ರಿಯಾಪದಗಳೆಲ್ಲ ಕೈಯ ಕೆಲಸದ ಜೊತೆಗೇ ಬರುತ್ತವೆ, ಪುಸ್ತಕದಿಂದ ಕಲಿತದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ. ಅಲ್ಲಿ ನಮ್ಮ ತಪ್ಪು ಉಚ್ಚಾರಕ್ಕೆ ನಕ್ಕವರು ಒಬ್ಬರೂ ಇಲ್ಲ. ತಿದ್ದಿದರು, ಇನ್ನೊಂದು ಪರ್ಶಾದಾ ಹಾಕಿದರು.

ನಿಹಂಗರು ಅನ್ನೋ ಯೋಧ ಪಂಥದವರ ಅಡುಗೆಮನೆಯ ಮಾತು ಇನ್ನೂ ಮಜಾ. ಕಷ್ಟಕಾಲದಲ್ಲೂ ಕುಗ್ಗದ ಮನಸ್ಸಿಗೆ ಅವರು 'ಚಡ್ದೀ ಕಲಾ' ಅಂತಾರೆ. ಅದಕ್ಕೆ ತಕ್ಕ ಹಾಗೆ ಕಡಲೆಗೆ 'ಬದಾಮ್', ಈರುಳ್ಳಿಗೆ 'ರೂಪಾ' ಅಂದರೆ ಬೆಳ್ಳಿ, ಮೆಣಸಿನಕಾಯಿಗೆ 'ಲಡಾಕೀ' ಅಂದರೆ ಜಗಳಗಂಟಿ. ಒಬ್ಬನೇ ಬಂದರೂ 'ಸವಾ ಲಾಖ್', ಒಂದೂಕಾಲು ಲಕ್ಷ ಜನ ಬಂದಂತೆ!

ಸಿಖ್ ಜೀವನದ ಮೂರು ಮಾತು ಇವು: ನಾಮ ಜಪಣಾ, ಕಿರತ್ ಕರನೀ, ವಂಡ್ ಛಕಣಾ. ದೇವರ ನೆನಹು, ದುಡಿದು ಉಣ್ಣುವುದು, ಹಂಚಿ ಉಣ್ಣುವುದು. ಇದನ್ನು ಕೇಳಿದ ಕೂಡಲೇ ನಮಗೆ ಕಾಯಕ, ದಾಸೋಹ ನೆನಪಾಗುತ್ತವೆ. ಆಗಬೇಕಾದ್ದೇ. ಆದರೆ "ಎರಡೂ ಒಂದೇ" ಅಂತ ಅಲ್ಲಿಗೇ ಬಿಟ್ಟರೆ ಕಲಿಕೆ ನಿಂತುಹೋಗುತ್ತೆ. ಬಸವಣ್ಣನವರದು 12ನೇ ಶತಮಾನ, ಕೈಯಲ್ಲಿ ಇಷ್ಟಲಿಂಗ. ನಾನಕರದು (1469–1539) ಬೇರೆ ಕಾಲ, ಬೇರೆ ನೆಲ. ಅಲ್ಲಿ ಆಕಾರವೇ ಇಲ್ಲದ ಒಬ್ಬ ಕರ್ತ, ಮುಂದೆ ಶಬ್ದವೇ ಗುರು. ಹೋಲಿಕೆ ಬಾಗಿಲು ತೆರೆಯಲಿ, ಒಳಗೆ ಹೋಗಿ ನೋಡುವುದು ನಮ್ಮ ಕೆಲಸ. ಒಂದೇ ಪಂಕ್ತಿಯ ಆದರ್ಶ ಇಟ್ಟುಕೊಂಡ ಪಂಜಾಬಿನ ಅನೇಕ ಹಳ್ಳಿಗಳಲ್ಲಿ ಇವತ್ತಿಗೂ ಜಾತಿಗೊಂದು ಗುರುದ್ವಾರ ಇರೋದೂ ನಿಜ. ವಚನಗಳ ನಾಡಿನಲ್ಲಿ ಇದ್ದುಕೊಂಡು ಈ ವಿಷಯದಲ್ಲಿ ಅವರತ್ತ ಬೆರಳು ತೋರಿಸುವಂತಿಲ್ಲ.

ಪಾಠ 6: ಗ್ರಂಥದ ಭಾಷೆ

ಪಂಜಾಬಿ ಕಲಿತರೆ ಗುರುಬಾಣಿ ಅರ್ಥವಾಗುತ್ತಾ? ಪೂರ್ತಿ ಇಲ್ಲ. ಇವತ್ತಿನ ಕನ್ನಡ ಬಂದವರಿಗೆ ಪಂಪನ ಪದ್ಯ ಸಲೀಸಾಗಿ ಅರ್ಥ ಆಗಲ್ವಲ್ಲ, ಹಾಗೆ.

ಐದನೇ ಗುರು ಅರ್ಜನ್ ದೇವ್ ಸಂಕಲಿಸಿದ ಆದಿಗ್ರಂಥ 1604ರಲ್ಲಿ ಹರಿಮಂದಿರದಲ್ಲಿ ಸ್ಥಾಪನೆಯಾಯಿತು. ಹತ್ತನೇ ಗುರು ಗೋಬಿಂದ್ ಸಿಂಗ್ ತಮ್ಮ ತಂದೆ ತೇಗ್ ಬಹಾದೂರರ ರಚನೆಗಳನ್ನು ಸೇರಿಸಿ, 1708ರಲ್ಲಿ ನಾಂದೇಡ್‌ನಲ್ಲಿ ಇನ್ನು ಮುಂದೆ ಗ್ರಂಥವೇ ಗುರು ಅಂತ ಸಾರಿದರು. ಇದರಲ್ಲಿ ಆರು ಗುರುಗಳ ಜೊತೆಗೆ ಕಬೀರ್, ರವಿದಾಸ್, ಮರಾಠಿ ಸಂತ ನಾಮದೇವ, ಸೂಫಿ ಶೇಖ್ ಫರೀದ್ ಇವರೆಲ್ಲರ ರಚನೆಗಳಿವೆ. ಹಾಗಾಗಿ ಹಳೆಯ ಪಂಜಾಬಿ, ಬ್ರಜ್, ಫಾರ್ಸಿ ಪದಗಳು ಎಲ್ಲ ಬೆರೆತಿವೆ.

ಜೋಡಣೆ ಮಾತ್ರ ಎಂಜಿನಿಯರ್ ಮೆಚ್ಚುವ ಥರ. ಒಟ್ಟು 1430 ಪುಟ. ಪುಟಕ್ಕೆ 'ಅಂಗ್' ಅಂತಾರೆ. ಈಗಿನ ಪ್ರಮಾಣಿತ ಮುದ್ರಣಗಳೆಲ್ಲದರಲ್ಲೂ ಅದೇ ಸಾಲು ಅದೇ ಅಂಗ್‌ನಲ್ಲಿ. ಒಳಗೆ 31 ರಾಗಗಳ ಪ್ರಕಾರ ವಿಭಾಗ. ಎಲ್ಲ ಗುರುಗಳ ಅಂಕಿತವೂ 'ನಾನಕ್' ಒಂದೇ. ಯಾರ ರಚನೆ ಅಂತ ತಿಳಿಯಲು ಮೇಲೆ 'ಮಹಲಾ' 1, 2, 3 ಅಂತ ಸಂಖ್ಯೆ ಇರುತ್ತದೆ. ವಚನ, ಕೀರ್ತನೆಗಳ ಅಂಕಿತ ಗೊತ್ತಿರುವ ನಮಗೆ ಇದು ತಟ್ಟನೆ ಹೊಳೆಯುತ್ತೆ. 'ರಹಾಉ' ಅಂತ ಗುರುತಿಟ್ಟ ಸಾಲಿನಲ್ಲಿ ಶಬದ್‌ನ ಮುಖ್ಯ ಮಾತು ಇರುತ್ತದೆ, ದಾಸರ ಪದಗಳ ಪಲ್ಲವಿ ಇದ್ದ ಹಾಗೆ. ಓದಲು ಶುರು ಮಾಡುವವರು ಮೊದಲು ರಹಾಉ ಹುಡುಕಿ, ಅಲ್ಲಿಂದ ಉಳಿದ ಸಾಲುಗಳಿಗೆ ಹೋಗಿ.

ಇನ್ನೊಂದು ಸೂಕ್ಷ್ಮ. ಗ್ರಂಥದಲ್ಲಿ ಪದಗಳ ಕೊನೆಗೆ ಹ್ರಸ್ವ ಇ, ಉ ಚಿಹ್ನೆಗಳು ಬರುತ್ತವೆ, ಸಾಮಾನ್ಯವಾಗಿ ಉಚ್ಚರಿಸಲ್ಲ. ಹಾಗಾದರೆ ಯಾಕಿವೆ? ಅವು ವಿಭಕ್ತಿ. 'ನಾನಕು' ಅಂದರೆ ಕರ್ತೃ, ಬರೀ 'ನಾನಕ' ಅಂದರೆ ಸಂಬೋಧನೆ, 'ನಾನಕಿ' ಅಂದರೆ ನಾನಕನಿಂದ. ಹೆಸರು ಒಂದೇ, ಕೊನೆಯ ಪುಟ್ಟ ಚಿಹ್ನೆ ಬದಲಾದರೆ ಮಾತಾಡುತ್ತಿರುವವರು ಯಾರು, ಯಾರಿಗೆ ಅನ್ನೋದೇ ಬದಲಾಗುತ್ತೆ. 20ನೇ ಶತಮಾನದಲ್ಲಿ ಪ್ರೊಫೆಸರ್ ಸಾಹಿಬ್ ಸಿಂಗ್ ಗುರುಬಾಣಿಯ ವ್ಯಾಕರಣ ಬರೆದು ಈ ನಿಯಮಗಳನ್ನು ವಿವರಿಸಿದರು, ಆಮೇಲೆ ಅದರ ಆಧಾರದ ಮೇಲೆ ಇಡೀ ಗ್ರಂಥಕ್ಕೆ ಹತ್ತು ಸಂಪುಟಗಳ ಟೀಕೆ ಬರೆದರು. ಹಳೆಯ ಪ್ರತಿಗಳಲ್ಲಿ ಪದಗಳ ಮಧ್ಯೆ ಜಾಗವನ್ನೂ ಬಿಡುತ್ತಿರಲಿಲ್ಲ, ನಮ್ಮ ತಾಳೆಗರಿ ಹಸ್ತಪ್ರತಿಗಳ ಹಾಗೇ. ಎಲ್ಲಿ ಪದ ಒಡೆಯಬೇಕು ಅನ್ನೋದೂ ಓದುಗನ ಸಾಧನೆ.

ನಮ್ಮ ನೆಲದ ಕೊಂಡಿ

ಇದೆಲ್ಲ ದೂರದ ಪಂಜಾಬಿನ ಮಾತು ಅಂದುಕೊಳ್ಳಬೇಡಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಸ್ಥಾಪಿಸಿದಾಗ ತಲೆ ಕೊಡಲು ಎದ್ದು ನಿಂತ ಐವರು 'ಪಂಜ್ ಪ್ಯಾರೇ'. ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯಿಂದ ಒಬ್ಬೊಬ್ಬರು. ಐದನೆಯವರು ಭಾಯಿ ಸಾಹಿಬ್ ಸಿಂಗ್, ಕ್ಷೌರಿಕ ಕುಟುಂಬದವರು. ಅವರ ಊರು ಬೀದರ್ ಅನ್ನುತ್ತದೆ ಸಿಖ್ ಪರಂಪರೆ. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಬೀದರ್‌ನಲ್ಲಿ ಕುಡಿಯುವ ನೀರಿಗೆ ಕಷ್ಟವಿತ್ತು, ಅವರಿಂದ ಅಲ್ಲಿ ಒರತೆ ಚಿಮ್ಮಿತು ಅನ್ನೋದೂ ಭಕ್ತರ ನಂಬಿಕೆ. ಝೀರಾ ಅಂದ್ರೆ ಒರತೆ. ಅಲ್ಲಿರುವುದೇ ಗುರುದ್ವಾರ ನಾನಕ್ ಝೀರಾ ಸಾಹಿಬ್. ಕಲ್ಬುರ್ಗಿ, ಬೀದರ್ ಕಡೆಯ ಗೆಳೆಯರು ರಜೆಗೆ ಹೋದಾಗ ಒಮ್ಮೆ ಹೋಗಿ ಬನ್ನಿ, ಗುರುಮುಖಿ ಫಲಕಗಳನ್ನು ಓದಲು ಪ್ರಯತ್ನಿಸಿ.

ಕಲಿಯುವವರಿಗೆ, ಕಲಿಸುವವರಿಗೆ

ಇಂಟರ್ನಲ್ಸ್, ಅಸೈನ್‌ಮೆಂಟ್ ಮಧ್ಯೆ ನಮಗೆ ಹೊಂದಿದ ಕ್ರಮ ಇದು. ಮೊದಲ ಎರಡು ವಾರ ದಿನಕ್ಕೆ ಹದಿನೈದು ನಿಮಿಷ, ಒಂದು ಸಾಲು ಪೈಂತಿ ಕೈಯಲ್ಲಿ ಬರೆಯುವುದು. ಮೂರು, ನಾಲ್ಕನೇ ವಾರ ಟೋನ್ ಜೋಡಿಗಳನ್ನು ರೆಕಾರ್ಡ್ ಮಾಡಿ ಗೆರೆ ನೋಡುವುದು. ಐದನೇ ವಾರದಿಂದ ದಿನಕ್ಕೆ ಐದು ವಾಕ್ಯ, ವಾರಕ್ಕೊಮ್ಮೆ ಗುರುದ್ವಾರ. ಪದಪಟ್ಟಿಗಿಂತ ವಾಕ್ಯ, ಆ್ಯಪ್‌ಗಿಂತ ಮನುಷ್ಯರು.

ಈ ಸೆಮಿಸ್ಟರ್‌ನಿಂದ ನಮ್ಮ ಕನ್ನಡ ತರಗತಿಯಲ್ಲಿ ಮೂರು ಬದಲಾವಣೆ ಮಾಡಿದ್ದೇವೆ. ಮೊದಲ ದಿನವೇ "ನನಗೆ ಕನ್ನಡ ಸ್ವಲ್ಪ ಬರುತ್ತದೆ" ಅನ್ನೋ ವಾಕ್ಯ ಕಲಿಸುತ್ತೇವೆ. 'ಕಲೆ' ಮತ್ತು 'ಕಳೆ', 'ಹಲ್ಲಿ' ಮತ್ತು 'ಹಳ್ಳಿ' ಬೇರೆ ಅಂತ ಹತ್ತು ಸಲ ಹೇಳುವ ಬದಲು ಕೇಳಿಸುತ್ತೇವೆ, ಯಾಕೆಂದರೆ ಬಾಯಿಗಿಂತ ಮೊದಲು ಕಿವಿ ಕಲಿಯಬೇಕು ಅಂತ ಈಗ ನಮಗೆ ಮೈಯಾರ ಗೊತ್ತು. ಮೂರನೆಯದು, ತರಗತಿಯನ್ನು ಸೆಮಿನಾರ್ ಹಾಲ್‌ನಿಂದ ಮೆಸ್‌ಗೆ ಬದಲಾಯಿಸಿದ್ದೇವೆ. ಬಡಿಸುವ ಕಡೆ ಭಾಷೆ ಬೇಗ ಬರುತ್ತೆ.

ಕಳೆದ ವಾರ ಆ ಪಂಜಾಬಿ ಗೆಳೆಯ ಅಲ್ಲೇ ಸಾಂಬಾರ್ ಬಡಿಸುತ್ತಾ "ಇನ್ನೊಂಚೂರು ಹಾಕ್ಲಾ?" ಅಂದ. 'ಹಾಕ್ಲಾ'ದಲ್ಲಿ ದನಿ ಸ್ವಲ್ಪ ಜಾಸ್ತಿಯೇ ಏರಿತ್ತು. ನಾವು ತಟ್ಟೆ ಮುಂದೆ ಮಾಡಿದೆವು.